ಚೈನ್ ಟೆನ್ಶನರ್ ಆಯ್ಕೆ: ಬೆಲೆ ಮೊದಲೋ, ಕೆಲಸ ಮೊದಲೋ?
(ಸಣ್ಣ ಉತ್ಪಾದಕರಿಗೂ ಬಿಡಿಭಾಗ ವ್ಯಾಪಾರಿಗಳಿಗೂ ಒಂದು ಅಧ್ಯಯನ ಪಾಠ)

1. ಪೀಠಿಕೆ

ಹುಬ್ಬಳ್ಳಿಯಿಂದ ಕಲಘಟಗಿ ದಾಟಿ ಯಲ್ಲಾಪುರದತ್ತ ಸಾಗುವಾಗ ಮಲೆನಾಡಿನ ಸೆರಗಿನಲ್ಲಿ ದೇವಿಕೊಪ್ಪ ಸಿಗುತ್ತದೆ. ಭತ್ತ, ಗೋವಿನಜೋಳ, ಕಬ್ಬು ಬೆಳೆಯುವ ಇಂಥ ಸೀಮೆಯಲ್ಲಿ ಸುಗ್ಗಿ ಬಂತೆಂದರೆ ರಾಶಿ ಯಂತ್ರ, ಕಾಳು ಬಿಡಿಸುವ ಯಂತ್ರ, ಕಬ್ಬಿನ ಗಾಣಗಳ ದುರಸ್ತಿಯೇ ಸಣ್ಣ ಕಾರ್ಯಾಗಾರಗಳ ಮುಖ್ಯ ಆದಾಯ. ಈ ಯಂತ್ರಗಳಲ್ಲಿ ಸಮಾನವಾಗಿ ಕಾಣುವ ಒಂದು ಅಂಗವೆಂದರೆ ಚೈನು. ಅದನ್ನು ಬಿಗಿಯಾಗಿಡುವ ಸಣ್ಣ ಸಾಧನವೇ ಚೈನ್ ಟೆನ್ಶನರ್.

ಇದೇ ಟೆನ್ಶನರ್ ಇಂದು ಬೇರೊಂದು ದಾರಿಯಿಂದಲೂ ಕಾರ್ಯಾಗಾರದ ಬಾಗಿಲಿಗೆ ಬರುತ್ತಿದೆ. ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ತಾವೇ ವಿನ್ಯಾಸ ಮಾಡಿ ಕಟ್ಟುವ ರೇಸ್ ಕಾರಿಗೆ ಒಂದೋ ಎರಡೋ ಬಿಡಿಭಾಗ ಮಾಡಿಸಿಕೊಳ್ಳಲು ಬರುತ್ತಾರೆ. ಆದೇಶ ಚಿಕ್ಕದು, ಪ್ರಶ್ನೆಗಳು ಬಹಳ. "ರಾಶಿ ಯಂತ್ರಕ್ಕೆ ಹಾಕುವುದನ್ನೇ ಇದಕ್ಕೂ ಹಾಕಿದರಾಯಿತು" ಎಂದು ಕಾರ್ಯಾಗಾರದ ಮಾಲೀಕನಿಗೆ ತೋರುವುದು ಸಹಜ. ಆ ಉತ್ತರ ಏಕೆ ತಪ್ಪು, ಸರಿಯಾದ ಉತ್ತರವನ್ನು ಹೇಗೆ ಲೆಕ್ಕ ಹಾಕಬೇಕು, ಅದಕ್ಕೆ ದರವನ್ನು ಹೇಗೆ ಕಟ್ಟಬೇಕು ಎಂಬುದೇ ಈ ಪಾಠದ ವಿಷಯ.

2. ಸ್ಪರ್ಧೆಯ ಹಿನ್ನೆಲೆ

ವಿದ್ಯಾರ್ಥಿಗಳು ಕಟ್ಟಿದ ರೇಸ್ ಕಾರುಗಳ ಫಾರ್ಮುಲಾ ಎಸ್.ಎ.ಇ. ಸ್ಪರ್ಧೆ 1981ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. 1998ರಲ್ಲಿ ಇಂಗ್ಲೆಂಡಿನಲ್ಲಿ ಫಾರ್ಮುಲಾ ಸ್ಟೂಡೆಂಟ್ ಎಂಬ ಹೆಸರಿನಿಂದ ಇದೇ ಬಗೆಯ ಸ್ಪರ್ಧೆ ನೆಲೆಯೂರಿತು. ಕರ್ನಾಟಕದಲ್ಲಿ ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡ 2003ರಲ್ಲಿ ಹುಟ್ಟಿತು. ಮಣಿಪಾಲದ ಫಾರ್ಮುಲಾ ಮಣಿಪಾಲ್ ತಂಡವೂ ಹೆಸರು ಮಾಡಿದೆ. ದೇಶದೊಳಗೆ ಸುಪ್ರಾ ಎಸ್.ಎ.ಇ. ಇಂಡಿಯಾ ಸ್ಪರ್ಧೆ 2011ರಿಂದ ನಡೆದುಬಂದಿದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಫಾರ್ಮುಲಾ ಭಾರತ್ ಸ್ಪರ್ಧೆ ಜರುಗುತ್ತದೆ.

ವ್ಯಾಪಾರಿಗಳು ಗಮನಿಸಬೇಕಾದ ಸಂಗತಿ ಒಂದಿದೆ. ಈ ಸ್ಪರ್ಧೆಯಲ್ಲಿ ವೇಗಕ್ಕೆ ಮಾತ್ರ ಅಂಕವಿಲ್ಲ. ಒಟ್ಟು 1,000 ಅಂಕಗಳಲ್ಲಿ ವಿನ್ಯಾಸದ ಸಮರ್ಥನೆಗೆ 150, ವೆಚ್ಚ ಮತ್ತು ತಯಾರಿಕೆಯ ವಿವರಣೆಗೆ 100 ಅಂಕಗಳು ಮೀಸಲು. ಪ್ರತಿಯೊಂದು ಬಿಡಿಭಾಗಕ್ಕೂ ಯಾವ ಲೋಹ, ಎಷ್ಟು ತೂಕ, ಯಾವ ಯಂತ್ರದಲ್ಲಿ ಯಾವ ಕೆಲಸ, ಎಷ್ಟು ಬೋಲ್ಟು ಎಂಬ ಪಟ್ಟಿಯನ್ನು ತಂಡ ಸಲ್ಲಿಸಬೇಕು. ಅತಿ ಹೆಚ್ಚು ಅಂಕಗಳಿರುವುದು ಸುಮಾರು 22 ಕಿ.ಮೀ. ದೂರದ ಸಹಿಷ್ಣುತಾ ಓಟಕ್ಕೆ. ಆ ಓಟದ ನಡುವೆ ಚೈನು ಹಲ್ಲು ಹಾರಿ ಕಾರು ನಿಂತರೆ ಒಂದು ವರ್ಷದ ದುಡಿಮೆ ಅಲ್ಲಿಗೇ ಮುಗಿಯುತ್ತದೆ.

3. ಚೈನು ಮತ್ತು ಅದರ ಹೊರೆ

ಬುಷ್ ಮತ್ತು ರೋಲರ್ ಇರುವ ಇಂದಿನ ಮಾದರಿಯ ಚೈನಿಗೆ ಮ್ಯಾಂಚೆಸ್ಟರಿನ ಹಾನ್ಸ್ ರೆನಾಲ್ಡ್ 1880ರಲ್ಲಿ ಹಕ್ಕುಪತ್ರ ಪಡೆದನು. ಅದರ ಮೂಲರೂಪ ಇಂದಿಗೂ ಬದಲಾಗಿಲ್ಲ. ವಿದ್ಯಾರ್ಥಿ ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು ಮೋಟಾರ್ ಸೈಕಲ್ಲಿನ 520 ನಂಬರಿನ ಚೈನು. ಮೊದಲ ಅಂಕೆ 5 ಎಂದರೆ ಒಂದು ಲಿಂಕಿನ ಉದ್ದ, ಅಂದರೆ ಪಿಚ್, ಇಂಚಿನ ಎಂಟರಲ್ಲಿ ಐದು ಭಾಗ, 15.875 ಮಿ.ಮೀ. ಒಳ ಅಗಲ ಕಾಲು ಇಂಚು, 6.35 ಮಿ.ಮೀ.

ಭಾರತದ ಅನೇಕ ತಂಡಗಳು 373 ಸಿ.ಸಿ.ಯ ಕೆ.ಟಿ.ಎಂ. 390 ಎಂಜಿನ್ ಬಳಸಿವೆ. ಅದರ ತಿರುಚುಬಲ ಸುಮಾರು 35 ನ್ಯೂಟನ್-ಮೀಟರ್. ಎಂಜಿನ್ನಿನ ಒಳಗಿನ ಗೇರುಗಳಿಂದ ಮೊದಲ ಗೇರಿನಲ್ಲಿ ಈ ಬಲ 7 ಪಟ್ಟಾಗುತ್ತದೆ ಎಂದು ಹಿಡಿದರೆ ಹೊರಗಿನ ಸ್ಪ್ರಾಕೆಟ್ಟಿಗೆ 245 ನ್ಯೂಟನ್-ಮೀಟರ್ ತಲಪುತ್ತದೆ. 15 ಹಲ್ಲಿನ ಸ್ಪ್ರಾಕೆಟ್ಟಿನ ಪಿಚ್ ತ್ರಿಜ್ಯ 38.2 ಮಿ.ಮೀ. ಆದುದರಿಂದ ಚೈನಿನ ಮೇಲಿನ ಎಳೆತ 245 ÷ 0.0382, ಅಂದರೆ ಸುಮಾರು 6,400 ನ್ಯೂಟನ್. ಇದು 650 ಕಿಲೋ ಭಾರ ತೂಗುಹಾಕಿದ್ದಕ್ಕೆ ಸಮ. ಟೆನ್ಶನರನ್ನು ಆರಿಸುವವನು ಈ ಅಂಕೆಯನ್ನು ಮೊದಲು ಬರೆದಿಟ್ಟುಕೊಳ್ಳಬೇಕು.

ಚೈನು ಸಡಿಲವಾಗುವುದಕ್ಕೆ ಕಾರಣ ಉಕ್ಕು ಹಿಗ್ಗುವುದಲ್ಲ, ಪಿನ್ನು ಮತ್ತು ಬುಷ್ಷುಗಳು ಸವೆಯುವುದು. ಪ್ರತಿ ಕೀಲಿನಲ್ಲಿ ಕೂದಲೆಳೆಯಷ್ಟು ಸವೆದರೂ 70 ಲಿಂಕುಗಳಲ್ಲಿ ಅದು ಕೂಡುತ್ತದೆ. 70 ಲಿಂಕಿನ ಚೈನಿನ ಉದ್ದ 1,111 ಮಿ.ಮೀ.; ಶೇಕಡಾ 1ರಷ್ಟು ಸವೆತವಾದರೆ ಉದ್ದ 11 ಮಿ.ಮೀ. ಹೆಚ್ಚುತ್ತದೆ.

4. ಮುಖ್ಯ ಪ್ರಶ್ನೆ: ಹೊರೆ ದಿಕ್ಕು ಬದಲಿಸುತ್ತದೆಯೇ?

ರಾಶಿ ಯಂತ್ರದಲ್ಲಿ ಚೈನಿನ ಒಂದು ಎಳೆ ಸದಾ ಬಿಗಿ, ಇನ್ನೊಂದು ಎಳೆ ಸದಾ ಸಡಿಲ. ಎಂಜಿನ್ ಎಳೆಯುತ್ತದೆ, ಯಂತ್ರ ಎಳೆಸಿಕೊಳ್ಳುತ್ತದೆ; ಹೊರೆ ಒಂದೇ ದಿಕ್ಕಿಗೆ. ಆದುದರಿಂದ ಸಡಿಲ ಎಳೆಯ ಮೇಲೆ ಸ್ಪ್ರಿಂಗಿನಿಂದ ಒತ್ತುವ ಒಂದು ಐಡ್ಲರ್ ಸ್ಪ್ರಾಕೆಟ್ ಇಟ್ಟರೆ ಸಾಕು. ಅದು ಅಗ್ಗ, ಸವೆತವನ್ನು ತಾನೇ ಸರಿದೂಗಿಸುತ್ತದೆ, ರೈತನು ಪಾನಾ ಹಿಡಿದು ನಿಲ್ಲಬೇಕಾಗಿಲ್ಲ. ದೇವಿಕೊಪ್ಪದಂಥ ಊರಿನ ಕಾರ್ಯಾಗಾರ ಇದನ್ನು ಹಾಕಿಕೊಡುವುದು ಸರಿಯಾದ ತಾಂತ್ರಿಕ ನಿರ್ಣಯವೇ ಆಗಿದೆ.

ಕಾರಿನ ಸ್ಥಿತಿ ಬೇರೆ. ಚಾಲಕನು ವೇಗ ಹೆಚ್ಚಿಸುವಾಗ ಮೇಲಿನ ಎಳೆ ಬಿಗಿ, ಕೆಳಗಿನ ಎಳೆ ಸಡಿಲ. ತಿರುವಿನ ಮುಂದೆ ಕಾಲು ತೆಗೆದಾಗ ಗಾಲಿಗಳೇ ಎಂಜಿನ್ನನ್ನು ತಿರುಗಿಸತೊಡಗುತ್ತವೆ. ಆ ಕ್ಷಣ ಕೆಳಗಿನ ಎಳೆ ಬಿಗಿ, ಮೇಲಿನದು ಸಡಿಲ. ಒಂದೊಂದು ಸುತ್ತಿನಲ್ಲಿಯೂ ಇದು ಹಲವು ಬಾರಿ ಘಟಿಸುತ್ತದೆ. ಕೆಳಗಿನ ಎಳೆಯ ಮೇಲಿರುವ ಸ್ಪ್ರಿಂಗ್ ಐಡ್ಲರಿಗೆ ಆಗ ಏನಾಗುತ್ತದೆ?

ಹಿಂದೆಳೆತದ ಬಲ 1,500 ನ್ಯೂಟನ್ ಎಂದೂ, ಐಡ್ಲರ್ ಚೈನನ್ನು ಎರಡೂ ಬದಿಗೆ 10 ಡಿಗ್ರಿ ಬಗ್ಗಿಸಿದೆ ಎಂದೂ ಇಟ್ಟುಕೊಂಡರೆ ಐಡ್ಲರಿನ ಮೇಲೆ ಬೀಳುವ ಒತ್ತಡ 2 × 1,500 × 0.174, ಅಂದರೆ ಸುಮಾರು 520 ನ್ಯೂಟನ್. 53 ಕಿಲೋ ಭಾರ. ಐದಾರು ಕಿಲೋ ಒತ್ತುವ ಸ್ಪ್ರಿಂಗ್ ಇದನ್ನು ತಡೆಯಲಾರದು. ಐಡ್ಲರ್ ಹಿಂದಕ್ಕೆ ಬೀಳುತ್ತದೆ, ಮೇಲಿನ ಎಳೆ ಒಮ್ಮೆಲೇ ಜೋಲುತ್ತದೆ. ಮರುಕ್ಷಣ ಚಾಲಕ ಮತ್ತೆ ವೇಗ ಹೆಚ್ಚಿಸಿದಾಗ ಆ ಜೋಲು ಒಂದೇ ಏಟಿಗೆ ಬಿಗಿಯುತ್ತದೆ. ಹಲ್ಲು ಹಾರುವುದೂ, ಬ್ರಾಕೆಟ್ಟಿನ ವೆಲ್ಡಿಂಗ್ ಬಿರಿಯುವುದೂ ಇಂಥ ಏಟುಗಳಿಂದಲೇ. ವಿದ್ಯುತ್ ಕಾರುಗಳಲ್ಲಿ ಬ್ರೇಕಿನ ಶಕ್ತಿಯನ್ನು ಬ್ಯಾಟರಿಗೆ ಮರಳಿಸುವ ವ್ಯವಸ್ಥೆ ಇದ್ದರೆ ಹಿಂದೆಳೆತ ಇನ್ನೂ ಬಲವಾಗಿರುತ್ತದೆ.

ಹೀಗೆ ಒಂದೇ ಬಿಡಿಭಾಗ ಒಂದು ಯಂತ್ರದಲ್ಲಿ ಉತ್ತಮ, ಇನ್ನೊಂದರಲ್ಲಿ ಅಪಾಯ. ಟೆನ್ಶನರಿನ ಆಯ್ಕೆಯನ್ನು ಬೆಲೆಪಟ್ಟಿಯಿಂದ ಆರಂಭಿಸಬಾರದು. ಹೊರೆಯ ದಿಕ್ಕಿನಿಂದ ಆರಂಭಿಸಬೇಕು.

5. ನಾಲ್ಕು ವಿಧಾನಗಳು

(ಅ) ಸ್ಪ್ರಿಂಗ್ ಐಡ್ಲರ್: ಮೇಲೆ ಹೇಳಿದಂತೆ ಒಮ್ಮುಖ ಹೊರೆಗೆ ಯೋಗ್ಯ. ಕಾರಿಗೆ ಸಲ್ಲದು.

(ಆ) ಸ್ಥಿರ ಐಡ್ಲರ್: ಸ್ಪ್ರಿಂಗಿನ ಬದಲು ಬೋಲ್ಟಿನಿಂದ ಒಂದೇ ಸ್ಥಾನದಲ್ಲಿ ಬಿಗಿದ ಸ್ಪ್ರಾಕೆಟ್ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಜಾರುಪಟ್ಟಿ. ಕೆಳಗಿನ ಎಳೆಯನ್ನು ಹೊರಗಿನಿಂದ ಮೇಲಕ್ಕೆ ಒತ್ತಿದರೆ ಚಿಕ್ಕ ಸ್ಪ್ರಾಕೆಟ್ಟನ್ನು ಚೈನು ಹೆಚ್ಚು ಸುತ್ತಿಕೊಳ್ಳುತ್ತದೆ, ಇದು ಲಾಭ. ಆದರೆ ಮೇಲೆ ಲೆಕ್ಕ ಹಾಕಿದ 520 ನ್ಯೂಟನ್ನನ್ನು ಬ್ರಾಕೆಟ್ ಪ್ರತಿ ತಿರುವಿನಲ್ಲಿಯೂ ಹೊರಬೇಕು. ಹೆಚ್ಚುವರಿ ತೂಕ, ಘರ್ಷಣೆ, ಸವೆಯುವ ಮತ್ತೊಂದು ಬೇರಿಂಗ್ ಇವು ಬೇರೆ.

(ಇ) ಉದ್ದರಂಧ್ರ ಮತ್ತು ತಿರುಪು: ಡಿಫರೆನ್ಶಿಯಲ್ ಹೊತ್ತ ತಟ್ಟೆಗಳಲ್ಲಿ ಬೋಲ್ಟಿನ ತೂತುಗಳನ್ನು ಉದ್ದವಾಗಿ ಕೊರೆದು, ಹಿಂದಿನಿಂದ ತಿರುಪು ಒತ್ತಿ ಅಕ್ಷವನ್ನೇ ಹಿಂದಕ್ಕೆ ಸರಿಸುವುದು. ಮೋಟಾರ್ ಸೈಕಲ್ಲಿನ ಹಿಂದಿನ ಗಾಲಿಯಲ್ಲಿ ಎಲ್ಲರೂ ಕಂಡ ಕ್ರಮವಿದು. ಚೈನಿನ ದಾರಿಯಲ್ಲಿ ಹೊಸ ಅಂಗ ಸೇರುವುದಿಲ್ಲ. ಚೈನಿನ ಎಳೆತವನ್ನು ಬೋಲ್ಟಿನ ಹಿಡಿತಕ್ಕೆ ಮಾತ್ರ ಬಿಡದೆ ತಿರುಪು ಹೊರುವಂತೆ ಜೋಡಿಸಬೇಕು.

(ಈ) ಎಕ್ಸೆಂಟ್ರಿಕ್ ಬಿಲ್ಲೆ: ಬೇರಿಂಗನ್ನು ಹಿಡಿಯುವ ದುಂಡು ಬಿಲ್ಲೆಯಲ್ಲಿ ಒಳರಂಧ್ರವನ್ನು ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಕೊರೆದಿರುತ್ತಾರೆ. ಬಿಲ್ಲೆಯನ್ನು ತಿರುಗಿಸಿದರೆ ಅಕ್ಷ ಮುಂದೆ-ಹಿಂದೆ ಸರಿಯುತ್ತದೆ. ರಂಧ್ರ 9 ಮಿ.ಮೀ. ಪಕ್ಕಕ್ಕಿದ್ದರೆ ಅರ್ಧ ಸುತ್ತಿಗೆ 18 ಮಿ.ಮೀ. ಸರಿತ ದೊರೆಯುತ್ತದೆ. ರಚನೆ ಅಚ್ಚುಕಟ್ಟು, ಗಟ್ಟಿಮುಟ್ಟು. ದೋಷಗಳು ಎರಡು. ಅರ್ಧದಾರಿಯಲ್ಲಿ ಅಕ್ಷ 9 ಮಿ.ಮೀ. ಮೇಲಕ್ಕೋ ಕೆಳಕ್ಕೋ ಹೋಗುವುದರಿಂದ ಗಾಲಿಗಳಿಗೆ ಹೋಗುವ ಶಾಫ್ಟಿನ ಕೋನ ಬದಲಾಗುತ್ತದೆ. ಎರಡನೆಯದಾಗಿ, ಆ ಸ್ಥಾನದಲ್ಲಿ ಚೈನಿನ 6,400 ನ್ಯೂಟನ್ ಎಳೆತ ಬಿಲ್ಲೆಯನ್ನೇ 6,400 × 0.009, ಅಂದರೆ ಸುಮಾರು 58 ನ್ಯೂಟನ್-ಮೀಟರ್ ಬಲದಿಂದ ತಿರುಗಿಸಲು ನೋಡುತ್ತದೆ. ಹಿಡಿತ ಸಾಲದಿದ್ದರೆ ಬಿಲ್ಲೆ ತಿರುಗಿ ಚೈನು ತಾನೇ ಸಡಿಲಗೊಳ್ಳುತ್ತದೆ.

(ಇ) ಮತ್ತು (ಈ) ಎರಡರಲ್ಲಿಯೂ ಎಡ-ಬಲ ಬದಿಗಳು ಸಮನಾಗಿ ಸರಿಯಬೇಕು. ಒಂದು ಬದಿ ಹೆಚ್ಚು ಸರಿದರೆ ಸ್ಪ್ರಾಕೆಟ್ ಓರೆಯಾಗಿ ಚೈನಿನ ಪಕ್ಕದ ತಟ್ಟೆಗಳನ್ನು ತಿನ್ನುತ್ತದೆ. ಎರಡೂ ಬದಿಗೆ ಗೆರೆ ಕೆತ್ತಿ ಗುರುತು ಹಾಕಿಕೊಡುವ ಕಾರ್ಯಾಗಾರಕ್ಕೆ ಖರ್ಚು ಹೆಚ್ಚಾಗದು. ಆದರೆ ಗಿರಾಕಿ ಅದನ್ನು ಮರೆಯುವುದಿಲ್ಲ.

6. ಎಷ್ಟು ದೂರ ಸರಿಯಬೇಕು?

ಇಲ್ಲಿ ಅಂದಾಜು ಬೇಡ, ಲೆಕ್ಕ ಬೇಕು. ಮುಂದಿನ ಸ್ಪ್ರಾಕೆಟ್ 15 ಹಲ್ಲು, ಹಿಂದಿನದು 45 ಹಲ್ಲು, ಚೈನು 70 ಲಿಂಕು ಇದ್ದರೆ ಎರಡು ನಡುಬಿಂದುಗಳ ಅಂತರ 308 ಮಿ.ಮೀ. ಆಗುತ್ತದೆ. ತಂಡವು ಓಡುದಾರಿಗೆ ತಕ್ಕಂತೆ ಹಿಂದಿನ ಸ್ಪ್ರಾಕೆಟ್ಟನ್ನು ಬದಲಿಸುವುದುಂಟು. ಆಗ ಬೇಕಾಗುವ ಅಂತರ ಹೀಗಿರುತ್ತದೆ:

45 ಹಲ್ಲು, 70 ಲಿಂಕು — 308 ಮಿ.ಮೀ.
44 ಹಲ್ಲು, 70 ಲಿಂಕು — 313 ಮಿ.ಮೀ.
43 ಹಲ್ಲು, 70 ಲಿಂಕು — 317.5 ಮಿ.ಮೀ.
42 ಹಲ್ಲು, 70 ಲಿಂಕು — 322 ಮಿ.ಮೀ.
42 ಹಲ್ಲು, 68 ಲಿಂಕು — 306 ಮಿ.ಮೀ.

ಕೊನೆಯ ಎರಡು ಸಾಲುಗಳನ್ನು ಹೋಲಿಸಬೇಕು. ಅರ್ಧ ಲಿಂಕು ಚೈನಿನ ಬಲವನ್ನು ಕುಂದಿಸುವುದರಿಂದ ಲಿಂಕುಗಳನ್ನು ಜೋಡಿಯಾಗಿಯೇ ತೆಗೆಯಬೇಕು. ಒಂದು ಜೋಡಿ ತೆಗೆದರೆ ಅಂತರ ಸುಮಾರು ಒಂದು ಪಿಚ್ಚಿನಷ್ಟು, ಅಂದರೆ 16 ಮಿ.ಮೀ. ಕಡಿಮೆಯಾಗುತ್ತದೆ. ಆದುದರಿಂದ ಟೆನ್ಶನರ್ ಸುಮಾರು 16 ಮಿ.ಮೀ. ಸರಿಯುವಂತಿದ್ದರೆ ಯಾವ ಸ್ಪ್ರಾಕೆಟ್ ಬಂದರೂ ಒಂದಲ್ಲ ಒಂದು ಉದ್ದದ ಚೈನು ಅದಕ್ಕೆ ಹೊಂದುತ್ತದೆ. ಸವೆತಕ್ಕೂ ಜಾಗ ಬೇಕು. ಶೇಕಡಾ 1ರ ಸವೆತದ 11 ಮಿ.ಮೀ. ಉದ್ದ ಎರಡು ಎಳೆಗಳಲ್ಲಿ ಹಂಚಿಹೋಗುವುದರಿಂದ ಅಕ್ಷ ಅದರ ಅರ್ಧ, ಸುಮಾರು 5.6 ಮಿ.ಮೀ. ಹಿಂದೆ ಸರಿಯಬೇಕು.

ಈ ಉದಾಹರಣೆಯಲ್ಲಿ 306ರಿಂದ 317.5 ಮಿ.ಮೀ., ಅದರ ಮೇಲೆ ಸವೆತದ 5.6 ಮಿ.ಮೀ. ಸೇರಿದರೆ 17 ಮಿ.ಮೀ.ಗೆ ಮಿಕ್ಕಿ ಸರಿತ ಬೇಕು. 9 ಮಿ.ಮೀ. ಪಕ್ಕಕ್ಕಿರುವ ಎಕ್ಸೆಂಟ್ರಿಕ್ ಬಿಲ್ಲೆ ಅದನ್ನು ಕೊಡುತ್ತದೆ. ಆದರೆ ತಂಡ ಒಂದೇ ಸ್ಪ್ರಾಕೆಟ್ಟಿನಲ್ಲಿ ಓಡುವುದಾದರೆ 7 ಮಿ.ಮೀ. ಸಾಕು, ಚಿಕ್ಕ ಉದ್ದರಂಧ್ರವೇ ಧಾರಾಳ. "ಎಷ್ಟು ಸ್ಪ್ರಾಕೆಟ್ಟುಗಳನ್ನು ಬದಲಿಸುತ್ತೀರಿ?" ಎಂಬ ಒಂದು ಪ್ರಶ್ನೆ ಕೇಳದೆ ದರ ಹೇಳಿದ ಕಾರ್ಯಾಗಾರ ಅರ್ಧ ತಿಳಿದು ದರ ಹೇಳಿದಂತೆ.

7. ಎಷ್ಟು ನವಿರಾಗಿ ಸರಿಯಬೇಕು?

ದೂರದಷ್ಟೇ ಮುಖ್ಯವಾದದ್ದು ನಿಖರತೆ. ಸಾಮಾನ್ಯ ಚೈನಿನಲ್ಲಿ ಸಡಿಲ ಎಳೆಯ ನಡುವನ್ನು ಬೆರಳಿನಿಂದ ಮೇಲೆ-ಕೆಳಗೆ ಆಡಿಸಿದಾಗ ಒಟ್ಟು ಆಟ ಎಳೆಯ ಉದ್ದದ ಸುಮಾರು ಶೇಕಡಾ 4 ಇರಬೇಕೆಂಬುದು ಚೈನು ತಯಾರಕರ ವಾಡಿಕೆ. ಹೊರೆ ಥಟ್ಟನೆ ಬೀಳುವ, ದಿಕ್ಕು ಬದಲಿಸುವ ಕಡೆ ಶೇಕಡಾ 2. ಉದಾಹರಣೆಯ ಕಾರಿನಲ್ಲಿ ಎಳೆಯ ಉದ್ದ ಸುಮಾರು 300 ಮಿ.ಮೀ. ಆದುದರಿಂದ ಒಟ್ಟು ಆಟ 6ರಿಂದ 12 ಮಿ.ಮೀ.

ಈಗ ಒಂದು ಸಣ್ಣ ಸೂತ್ರ. ಎಳೆಯ ಉದ್ದವನ್ನು ಹೆಚ್ಚುವರಿ ಚೈನಿನ ಉದ್ದದಿಂದ ಗುಣಿಸಿ, ಎರಡರಿಂದ ಭಾಗಿಸಿ, ವರ್ಗಮೂಲ ತೆಗೆದರೆ ನಡುವಿನಲ್ಲಿ ಒಂದು ಬದಿಗೆ ಎಷ್ಟು ಜೋಲುತ್ತದೆ ಎಂಬುದು ತಿಳಿಯುತ್ತದೆ. ಅಕ್ಷ ಅರ್ಧ ಮಿ.ಮೀ. ಮುಂದೆ ಬಂದರೆ ಎರಡೂ ಎಳೆಗಳಿಂದ ಒಟ್ಟು 1 ಮಿ.ಮೀ. ಹೆಚ್ಚುವರಿ ಸಡಿಲ ಎಳೆಗೆ ಸೇರುತ್ತದೆ. 300 × 1 ÷ 2 = 150; ಅದರ ವರ್ಗಮೂಲ 12.2. ಅಂದರೆ ಅಕ್ಷದ ಅರ್ಧ ಮಿ.ಮೀ. ಸರಿತ ಚೈನಿನಲ್ಲಿ ಒಂದು ಬದಿಗೇ 12 ಮಿ.ಮೀ. ಜೋಲಾಗಿ ತೋರುತ್ತದೆ!

ಇದರಿಂದ ಮೂರು ವ್ಯಾವಹಾರಿಕ ನಿರ್ಣಯಗಳು ಹೊರಡುತ್ತವೆ.

ಮೊದಲನೆಯದು: ಎಕ್ಸೆಂಟ್ರಿಕ್ ಬಿಲ್ಲೆಯ ಅಂಚಿನಲ್ಲಿ 24 ತೂತು ಕೊರೆದು ಒಂದೊಂದೇ ತೂತಿಗೆ ಬೋಲ್ಟು ಹಾಕುವ ಕ್ರಮ ಸಾಲದು. ಒಂದು ತೂತಿನಿಂದ ಇನ್ನೊಂದಕ್ಕೆ 15 ಡಿಗ್ರಿ. ನಡುಭಾಗದಲ್ಲಿ ಅದು 2.3 ಮಿ.ಮೀ. ಸರಿತ. ಒಂದು ತೂತಿನಲ್ಲಿ ಅತಿ ಬಿಗಿ, ಮುಂದಿನದರಲ್ಲಿ 26 ಮಿ.ಮೀ. ಜೋಲು. ಬಿಲ್ಲೆಯನ್ನು ಯಾವ ಕೋನದಲ್ಲಿಯೂ ನಿಲ್ಲಿಸಬಲ್ಲ, ಸೀಳಿ ಬಿಗಿಯುವ ಹಿಡಿಕೆಯೇ ಬೇಕು.

ಎರಡನೆಯದು: ಎಂ-8 ತಿರುಪಿನ ಒಂದು ಸುತ್ತು 1.25 ಮಿ.ಮೀ.; ಆರು ಮುಖದ ತಲೆಯ ಒಂದು ಮುಖ ತಿರುಗಿಸಿದರೆ 0.21 ಮಿ.ಮೀ. ಇದು ಬೇಕಾದ ನಿಖರತೆಗೆ ಹತ್ತಿರ. ಎಡ-ಬಲ ಮರೆಯ ಟರ್ನ್‌ಬಕಲ್ ಹಾಕಿದರೆ ಒಂದು ಸುತ್ತಿಗೆ ಎರಡು ಪಟ್ಟು, 2.5 ಮಿ.ಮೀ. ಸರಿಯುತ್ತದೆ. ನೋಡಲು ಚೆಂದವಾದರೂ ಈ ಕೆಲಸಕ್ಕೆ ಅದು ಒರಟು.

ಮೂರನೆಯದು: ಯಾವ ಸ್ಪ್ರಾಕೆಟ್ಟೂ ಪೂರ್ಣ ದುಂಡಾಗಿರುವುದಿಲ್ಲ. ಆದುದರಿಂದ ಗಾಲಿಯನ್ನು ಒಂದು ಪೂರ್ಣ ಸುತ್ತು ತಿರುಗಿಸಿ, ಚೈನು ಅತಿ ಬಿಗಿಯಾಗುವ ಸ್ಥಾನದಲ್ಲಿಯೇ ಆಟವನ್ನು ಅಳೆಯಬೇಕು. ಸಡಿಲ ಸ್ಥಾನದಲ್ಲಿ ಅಳೆದು ಬಿಗಿದರೆ ಬಿಗಿ ಸ್ಥಾನದಲ್ಲಿ ಆ ಹೊರೆ ಎಂಜಿನ್ನಿನ ಹೊರಶಾಫ್ಟಿನ ಬೇರಿಂಗಿಗೆ ಬೀಳುತ್ತದೆ. ಅತಿ ಸಡಿಲದಿಂದ ಚೈನು ಹೋದರೆ ಅತಿ ಬಿಗಿಯಿಂದ ಬೇರಿಂಗ್ ಹೋಗುತ್ತದೆ. ಎರಡನೆಯ ನಷ್ಟ ದೊಡ್ಡದು.

ಸುರಕ್ಷತೆಯ ಮಾತೊಂದನ್ನು ಇಲ್ಲಿಯೇ ಸೇರಿಸಬೇಕು. ಫಾರ್ಮುಲಾ ಎಸ್.ಎ.ಇ. ನಿಯಮದಂತೆ ಚೈನಿನ ಮೇಲೆ ಕನಿಷ್ಠ 2.66 ಮಿ.ಮೀ. ದಪ್ಪದ ಉಕ್ಕಿನ ತಡೆತಟ್ಟೆ ಇರಬೇಕು; ಅಗಲ ಚೈನಿನ ಮೂರು ಪಟ್ಟು. ಇತರ ಸ್ಪರ್ಧೆಗಳ ನಿಯಮಗಳಲ್ಲಿ ಅಳತೆ ಬೇರೆ ಇರಬಹುದಾದ ಕಾರಣ ಆಯಾ ವರ್ಷದ ನಿಯಮಾವಳಿಯ ಪುಟವನ್ನು ವಿದ್ಯಾರ್ಥಿಗಳಿಂದ ಪಡೆದು ಆದೇಶದ ಜೊತೆಗೆ ಇಟ್ಟುಕೊಳ್ಳುವುದು ಲೇಸು. ಅಕ್ಷ ಸರಿದಾಗ ಚೈನೂ ಸರಿಯುತ್ತದೆ. ತಡೆತಟ್ಟೆ ಪೂರ್ಣ ಸರಿತದಲ್ಲಿಯೂ ಚೈನನ್ನು ಮುಚ್ಚುವಂತಿರಬೇಕು.

8. ವೆಚ್ಚದ ಪಟ್ಟಿ

ಕೆಳಗಿನ ಅಂಕೆಗಳು ಲೆಕ್ಕದ ಕ್ರಮವನ್ನು ತೋರಿಸಲು ಹಿಡಿದವು. ಪ್ರತಿಯೊಬ್ಬರೂ ತಮ್ಮ ದರಗಳನ್ನು ಹಾಕಿಕೊಳ್ಳಬೇಕು. ಲೇಥ್ ಮತ್ತು ವೆಲ್ಡಿಂಗ್ ಗಂಟೆಗೆ ರೂ. 350, ಸಿ.ಎನ್.ಸಿ. ಮಿಲ್ಲಿಂಗ್ ಗಂಟೆಗೆ ರೂ. 700, ಅಲ್ಯೂಮಿನಿಯಂ ಕಿಲೋಗೆ ರೂ. 450 ಎಂದು ಭಾವಿಸಲಾಗಿದೆ.

ಸ್ಥಿರ ಐಡ್ಲರ್: ಬೇರಿಂಗ್ ಸಹಿತ ಸ್ಪ್ರಾಕೆಟ್ 650, ಬ್ರಾಕೆಟ್ 300, ಲೇಥ್ ಮತ್ತು ವೆಲ್ಡಿಂಗ್ 2 ಗಂಟೆ 700, ಸೆಟ್ಟಿಂಗ್ ಅರ್ಧ ಗಂಟೆ 175, ಬೋಲ್ಟು 75. ಒಟ್ಟು ರೂ. 1,900.

ಉದ್ದರಂಧ್ರ ಮತ್ತು ತಿರುಪು: ತಟ್ಟೆ 1.8 ಕಿಲೋ 810, ಮಿಲ್ಲಿಂಗ್ 2 ಗಂಟೆ 1,400, ಸೆಟ್ಟಿಂಗ್ 1 ಗಂಟೆ 700, ತಿರುಪು ಮತ್ತು ಒತ್ತುಬ್ಲಾಕು 2 ಜೊತೆ 1,200, ಬೋಲ್ಟು 190. ಒಟ್ಟು ರೂ. 4,300.

ಎಕ್ಸೆಂಟ್ರಿಕ್ ಬಿಲ್ಲೆ ಒಂದು ಜೊತೆ: ಲೋಹ 2.2 ಕಿಲೋ 990; ಮಿಲ್ಲಿಂಗ್ 4 ಗಂಟೆ 2,800; ಪ್ರೋಗ್ರಾಮ್ ಮತ್ತು ಸೆಟ್ಟಿಂಗ್ 2 ಗಂಟೆ 1,400; ಬೋಲ್ಟು 210. ಒಟ್ಟು ರೂ. 5,400.

ಅನೇಕ ಕಾರ್ಯಾಗಾರಗಳ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ನಷ್ಟ ಆರಂಭವಾಗುವುದೂ ಇಲ್ಲಿಯೇ. ಕೆಟ್ಟುಹೋಗುವ ತುಂಡು ಮತ್ತು ತಪಾಸಣೆಗೆ ಶೇಕಡಾ 10, ಬಾಡಿಗೆ-ವಿದ್ಯುತ್-ಆಡಳಿತಕ್ಕೆ ಶೇಕಡಾ 15, ಲಾಭಕ್ಕೆ ಶೇಕಡಾ 12 ಕ್ರಮವಾಗಿ ಸೇರಿಸಿದರೆ ಮಾರಾಟ ದರ ಐಡ್ಲರಿಗೆ ರೂ. 2,692/-, ಉದ್ದರಂಧ್ರಕ್ಕೆ ರೂ. 6,092/-, ಎಕ್ಸೆಂಟ್ರಿಕ್ಕಿಗೆ ರೂ. 7,651/- ಆಗುತ್ತದೆ.

ಐಡ್ಲರಿಗೂ ಎಕ್ಸೆಂಟ್ರಿಕ್ಕಿಗೂ ವ್ಯತ್ಯಾಸ ರೂ. 4,959/-. ಈ ಮೊತ್ತವನ್ನು ನೋಡಿ ವಿದ್ಯಾರ್ಥಿಗಳು ಹಿಂಜರಿಯಬಹುದು. ಆದರೆ ಐಡ್ಲರಿನ ಬೇರಿಂಗ್ ಬದಲಾವಣೆ, ಮತ್ತೆ ಮತ್ತೆ ಬ್ರಾಕೆಟ್ ವೆಲ್ಡಿಂಗ್, ಸ್ಪ್ರಾಕೆಟ್ ಬದಲಿಸಿದಾಗಲೆಲ್ಲ ಹೊಸ ಬ್ರಾಕೆಟ್, ಪರೀಕ್ಷಾ ಓಟದಲ್ಲಿ ಕಳೆದುಹೋಗುವ ದಿನ ಇವುಗಳನ್ನು ಎದುರಿನ ಕಲಮಿನಲ್ಲಿ ಬರೆದಾಗ ಆ ವ್ಯತ್ಯಾಸ ಬಹು ಬೇಗ ಕರಗುತ್ತದೆ. ಇತ್ತ ರಾಶಿ ಯಂತ್ರದವನಿಗೆ ಎಕ್ಸೆಂಟ್ರಿಕ್ ಬಿಲ್ಲೆ ಮಾರುವುದೂ ಅಷ್ಟೇ ತಪ್ಪು. ಅವನಿಗೆ ಬೇಕಾಗದ ರೂ. 4,959/- ಅವನಿಂದ ಪಡೆದಂತಾಗುತ್ತದೆ.

ಸೆಟ್ಟಿಂಗ್ ವೆಚ್ಚದ ಪ್ರಭಾವವನ್ನೂ ಗಮನಿಸಬೇಕು. ಒಂದೇ ವಿನ್ಯಾಸದ ನಾಲ್ಕು ಜೊತೆ ಎಕ್ಸೆಂಟ್ರಿಕ್ ಬಿಲ್ಲೆಗಳ ಆದೇಶ ಬಂದರೆ ಸೆಟ್ಟಿಂಗಿನ ರೂ. 1,400 ನಾಲ್ಕರಲ್ಲಿ ಹಂಚಿ ಜೊತೆಗೆ ರೂ. 350 ಆಗುತ್ತದೆ. ಅದೇ ಶೇಕಡಾವಾರು ಸೇರಿಸಿದಾಗ ಜೊತೆಯ ದರ ರೂ. 6,163/-ಕ್ಕೆ ಇಳಿಯುತ್ತದೆ. ಲಾಭದ ಶೇಕಡಾ ಕಡಿಮೆ ಮಾಡದೆಯೇ ದರವನ್ನು ರೂ. 1,488/- ಇಳಿಸಬಹುದೆಂಬುದನ್ನು ಗಿರಾಕಿಗೆ ಲಿಖಿತವಾಗಿ ತಿಳಿಸಿದರೆ, ಬಿಡಿ ಜೊತೆಗಳನ್ನೂ ಸೇರಿಸಿ ಒಮ್ಮೆಲೇ ಆದೇಶ ಕೊಡುವ ಸಂಭವ ಹೆಚ್ಚು.

9. ತೆರಿಗೆ ಮತ್ತು ಕಾಗದಪತ್ರ

ವಾಹನ ಬಿಡಿಭಾಗಗಳ ಮೇಲಿದ್ದ ಶೇಕಡಾ 28ರ ಜಿ.ಎಸ್.ಟಿ. ದರ 22-9-2025ರಿಂದ ಶೇಕಡಾ 18ಕ್ಕೆ ಇಳಿದಿದೆ. ಶೇಕಡಾ 18ರಂತೆ ಎಕ್ಸೆಂಟ್ರಿಕ್ ಜೊತೆಯ ಬಿಲ್ಲು ರೂ. 9,028/- ಆಗುತ್ತದೆ. ನೋಂದಾಯಿತ ವ್ಯಾಪಾರಿ ಈ ತೆರಿಗೆಯನ್ನು ಜಮೆ ಪಡೆಯಬಲ್ಲ. ವಿದ್ಯಾರ್ಥಿ ತಂಡಕ್ಕೆ ಸಾಮಾನ್ಯವಾಗಿ ಆ ಸೌಲಭ್ಯವಿಲ್ಲ. ಆದುದರಿಂದ ಅವರಿಗೆ ದರ ಹೇಳುವಾಗ ತೆರಿಗೆ ಸಹಿತ ಮೊತ್ತವನ್ನೇ ಹೇಳಬೇಕು. ಕೊನೆಗೆ ರೂ. 1,377/- ಹೆಚ್ಚು ಎಂದಾಗ ಮನಸ್ತಾಪ ತಪ್ಪುವುದಿಲ್ಲ.

ಕಾಲೇಜೇ ಲೋಹ ಕೊಟ್ಟು ಕೆಲಸ ಮಾತ್ರ ಮಾಡಿಸಿಕೊಂಡರೆ ಅದು ಜಾಬ್ ವರ್ಕ್, ಅಂದರೆ ಸೇವೆ. ಕರ್ನಾಟಕದಲ್ಲಿ ಸರಕನ್ನು ಮಾತ್ರ ಮಾರುವವನಿಗೆ ಜಿ.ಎಸ್.ಟಿ. ನೋಂದಣಿಯ ಸಾಮಾನ್ಯ ಮಿತಿ ವಾರ್ಷಿಕ ರೂ. 40 ಲಕ್ಷ ವಹಿವಾಟು. ಸೇವೆ ಸೇರಿದರೆ ಮಿತಿ ರೂ. 20 ಲಕ್ಷ. ಬಿಡಿಭಾಗ ಮಾರುತ್ತ 30 ಲಕ್ಷದ ವಹಿವಾಟಿನಲ್ಲಿರುವ, ನೋಂದಣಿ ಇಲ್ಲದ ಸಣ್ಣ ಕಾರ್ಯಾಗಾರ ಜಾಬ್ ವರ್ಕ್ ಒಪ್ಪಿಕೊಳ್ಳುವ ಮುನ್ನ ಇದನ್ನು ತಿಳಿದಿರಬೇಕು.

ಬಿಲ್ಲಿನ ಜೊತೆಗೆ ಒಂದು ಪುಟದ ಕೆಲಸದ ವಿವರ ಕೊಡುವುದು ಅತ್ಯುತ್ತಮ ಪದ್ಧತಿ. ಲೋಹದ ದರ್ಜೆ ಮತ್ತು ತೂಕ, ಯಾವ ಯಂತ್ರದಲ್ಲಿ ಎಷ್ಟು ಹೊತ್ತು, ಬೋಲ್ಟಿನ ಅಳತೆ ಇಷ್ಟಿದ್ದರೆ ಸಾಕು. ವೆಚ್ಚದ 100 ಅಂಕಗಳಿಗಾಗಿ ವಿದ್ಯಾರ್ಥಿಗಳು ಹುಡುಕುವುದು ಇದನ್ನೇ. ಕಾರ್ಯಾಗಾರಕ್ಕೂ ಮುಂದಿನ ವರ್ಷದ ತಂಡ ಬಂದಾಗ ದರ ಹೇಳಲು ಇದೇ ಆಧಾರ. ವಿದ್ಯಾರ್ಥಿಗಳು ವರ್ಷ ವರ್ಷ ಬದಲಾಗುತ್ತಾರೆ, ಕಡತ ಉಳಿಯುತ್ತದೆ.

10. ಉಪಸಂಹಾರ

ಟೆನ್ಶನರ್ ಆಯ್ಕೆಯ ಕ್ರಮವನ್ನು ಹೀಗೆ ಸಂಗ್ರಹಿಸಬಹುದು:

1. ಹೊರೆ ಒಮ್ಮುಖವೋ ಇಮ್ಮುಖವೋ? ಒಮ್ಮುಖವಾದರೆ ಸ್ಪ್ರಿಂಗ್ ಐಡ್ಲರ್ ಸಾಕು. ಇಮ್ಮುಖವಾದರೆ ಅಕ್ಷವನ್ನೇ ಸರಿಸಬೇಕು.
2. ಎಷ್ಟು ಸ್ಪ್ರಾಕೆಟ್ ಬದಲಾವಣೆ? ಒಂದೇ ಆದರೆ ಉದ್ದರಂಧ್ರ ಮತ್ತು ತಿರುಪು. ಹಲವಾದರೆ ಎಕ್ಸೆಂಟ್ರಿಕ್ ಬಿಲ್ಲೆ.
3. ಸರಿತ ನವಿರಾಗಿದೆಯೇ? ತೂತಿನಿಂದ ತೂತಿಗೆ ನೆಗೆಯುವ ರಚನೆ ಬೇಡ.
4. ಎರಡೂ ಬದಿಗೆ ಗುರುತುಗಳಿವೆಯೇ? ತಡೆತಟ್ಟೆ ಪೂರ್ಣ ಸರಿತದಲ್ಲಿ ಚೈನನ್ನು ಮುಚ್ಚುತ್ತದೆಯೇ?
5. ಇವೆಲ್ಲ ತೀರ್ಮಾನವಾದ ಮೇಲೆ ಬೆಲೆ.

ಸುಗ್ಗಿಯ ನಡುವೆ ರಾಶಿ ಯಂತ್ರ ನಿಂತರೆ ಕಣದಲ್ಲಿರುವ ಕಾಳು ಮಳೆಗೆ ಸಿಲುಕಬಹುದು. ಓಟದ ನಡುವೆ ಕಾರು ನಿಂತರೆ ಹುಡುಗರ ವರ್ಷ ಹೋಗಬಹುದು. ಎರಡೂ ಕಡೆ ಕೆಟ್ಟದ್ದು ಕೆಲವೇ ಸಾವಿರದ ಬಿಡಿಭಾಗ. ನಷ್ಟ ಮಾತ್ರ ಅದರ ಹಲವು ಪಟ್ಟು. ಆ ಬಿಡಿಭಾಗವನ್ನು ಆರಿಸಿಕೊಡುವ ಹೊಣೆ ಮಾಡಿಕೊಡುವವನದೂ ಹೌದು. ದೇವಿಕೊಪ್ಪದಂಥ ಊರಿನ ಕಾರ್ಯಾಗಾರ ಲೇಥಿನ ಜೊತೆಗೆ ಈ ಲೆಕ್ಕವನ್ನೂ ಇಟ್ಟುಕೊಂಡರೆ, ರೈತನಿಗೂ ವಿದ್ಯಾರ್ಥಿಗೂ ಅವರವರಿಗೆ ತಕ್ಕ ಉತ್ತರ ಕೊಡಬಲ್ಲದು.

ಅಭ್ಯಾಸ

ಪ್ರಶ್ನೆ 1: 428 ನಂಬರಿನ ಚೈನಿನ ಪಿಚ್ 12.7 ಮಿ.ಮೀ. ಒಂದು ಜೋಡಿ ಲಿಂಕು ತೆಗೆದರೆ ನಡುಬಿಂದುಗಳ ಅಂತರ ಸುಮಾರು ಎಷ್ಟು ಕಡಿಮೆಯಾಗುತ್ತದೆ?
ಪ್ರಶ್ನೆ 2: ಅದೇ ಚೈನು 80 ಲಿಂಕಿನದಾಗಿದ್ದು ಶೇಕಡಾ 1 ಸವೆದಿದೆ. ಅಕ್ಷ ಎಷ್ಟು ಹಿಂದೆ ಸರಿಯಬೇಕು?
ಪ್ರಶ್ನೆ 3: ಕಾಳು ಮೇಲೆತ್ತುವ ಎಲಿವೇಟರಿನ ಚೈನು ಸದಾ ಒಂದೇ ದಿಕ್ಕಿಗೆ ಎಳೆಯುತ್ತದೆ. ಯಾವ ಟೆನ್ಶನರ್ ಯೋಗ್ಯ?

ಉತ್ತರ: (1) 12.7 ಮಿ.ಮೀ. (2) ಚೈನಿನ ಉದ್ದ 1,016 ಮಿ.ಮೀ.; ಸವೆತ 10.16, ಅದರ ಅರ್ಧ 5.08 ಮಿ.ಮೀ. (3) ಸಡಿಲ ಎಳೆಯ ಮೇಲೆ ಸ್ಪ್ರಿಂಗ್ ಐಡ್ಲರ್.